ತಲೆಗೆ ಹತ್ತು ಕಾಲು

ಕಾಲು ಎಲ್ಲಿರಬೇಕು ಎಂಬ ವಿಷಯದಲ್ಲಿ ಅರವತ್ತು ವರ್ಷ ನನಗೆ ಯಾವ ಸಂದೇಹವೂ ಇರಲಿಲ್ಲ. ಹಸುವಿಗಾಗಲಿ, ಕೋಳಿಗಾಗಲಿ, ನನಗಾಗಲಿ, ಕಾಲು ಮೈಯ ಕೆಳಗಿರುತ್ತದೆ, ತಲೆ ಅದರಿಂದ ಆದಷ್ಟು ದೂರದಲ್ಲಿರುತ್ತದೆ. ಇಷ್ಟನ್ನು ತಿಳಿಯಲು ಬಂಗಾರಪೇಟೆ ಪಕ್ಕದ ನಮ್ಮೂರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದುವ ಅಗತ್ಯವೂ ಇರಲಿಲ್ಲ. ಅಂಥ ಭದ್ರವಾದ ಜ್ಞಾನವನ್ನು ನಾನು ನಂದಿದುರ್ಗ ಚಿನ್ನದ ಗಣಿಯ ನಮ್ಮ ಲೈನ್ ಮನೆಯ ಬಚ್ಚಲ ಕಲ್ಲಿನ ಮೇಲೆ ಒಂದೇ ಬೆಳಿಗ್ಗೆ ಕಳೆದುಕೊಂಡೆ. ಮೊಮ್ಮಕ್ಕಳೇ, ಇದು ನಿಮ್ಮಮ್ಮ ಬಸುರಿಯಾಗಿದ್ದಾಗಿನ ಮಾತು. ಅಜ್ಜಿ ಬಾಯಿ ಬಿಟ್ಟು ಹೇಳುವವಳಲ್ಲ ಎಂದು ನಿಮಗೆ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಮ್ಮನಿಗೆ ಆಗ ನಾಲ್ಕನೇ ತಿಂಗಳು. ನೀರು ಕುಡಿದರೂ ವಾಂತಿ. ಹಿಂದಿನ ವರ್ಷ ಒಂದು ಬಸಿರು ಮೂರನೇ ತಿಂಗಳಿಗೇ ಇಳಿದುಹೋಗಿತ್ತಾದ್ದರಿಂದ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡುತ್ತಿರಲಿಲ್ಲ. ನಾಳೆಯೊಳಗೆ ಹೊಟ್ಟೆಯಲ್ಲಿ ಏನಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಸೇರಿಸಿ ಎಂದು ಡಾಕ್ಟರಮ್ಮ ಹೇಳಿದ್ದರು. ಉಡುಪಿ ಕಡೆಯ ಕಡಲ ದಂಡೆಯಿಂದ ಅವಳ ತಾಯಿ ಫೋನು ಮಾಡಿ, ತಾವೇ ಬಂದು ಮಗಳನ್ನು ಕರೆದೊಯ್ಯುವುದಾಗಿ ತಿಳಿಸಿದ್ದರು. ಆ ಸ್ಥಿತಿಯಲ್ಲಿ ಒಂದು ರಾತ್ರಿಯ ಪ್ರಯಾಣ! ಬೇಡ ಎನ್ನಲು ನನಗೆ ನಾಲಿಗೆ ಬೇಕಲ್ಲ? ಫ್ಯಾಕ್ಟರಿಯಲ್ಲಿ ಜೊತೆಗೆ ಕೆಲಸ ಮಾಡುತ್ತಾ ನಿಮ್ಮಪ್ಪ ಮೆಚ್ಚಿ ತಂದ ಸೊಸೆ ಅವಳು. ಮದುವೆಯಾಗಿ ಮೂರು ವರ್ಷವಾದರೂ ನಾವಿಬ್ಬರೂ 'ಊಟ ಆಯ್ತಾ', 'ಆಯ್ತು' ಎಂಬುದನ್ನು ದಾಟಿರಲಿಲ್ಲ. ನನಗೆ ಸಂಕೋಚ. ಅವಳಿಗೆ ನನ್ನ ಸಂಕೋಚ ಸಿಟ್ಟಿನಂತೆ ಕಾಣುತ್ತಿತ್ತೋ ಏನೋ.

ಅವಳು ತಾಯಿಗೆ ಹೇಳಿದ್ದು ಗೋಡೆಯಾಚೆ ಕೇಳಿಸಿತು: "ಬೊಂಡಾಸ ಸಿಕ್ಕಿದ್ರೆ ತಿಂತಿದ್ದೆನೋ ಏನೋ ಅಮ್ಮ. ಇಲ್ಲಿ ಯಾರ ಹತ್ರ ಕೇಳೋದು?"

ಬಸುರಿಯ ಬಯಕೆ! ಅದೆಂಥ ಪದಾರ್ಥವೆಂದು ನಿಮ್ಮಪ್ಪನನ್ನು ಕೇಳಿದೆ. "ಸಮುದ್ರದ ಮೀನು ಕಣಮ್ಮ, ಇಲ್ಲಿ ತಮಿಳಲ್ಲಿ ಕಡಂಬಾ ಅಂತಾರೆ" ಎಂದು ಹೇಳಿ ಅವನು ಶಿಫ್ಟಿಗೆ ಓಡಿದ. ನಾನು ರಾಬರ್ಟ್‌ಸನ್‌ಪೇಟೆಗೆ ಹೋಗಿ ಮೀನು ಮಾರುವ ಅಂಜಲೈ ಎದುರು ನಿಂತೆ. "ಕಿಲೀನ್ ಮಾಡಿ ಕೊಡ್ಲಾ ಅಕ್ಕಾ?" ಎಂದಳು. ಅಷ್ಟು ಜನರ ನಡುವೆ ಅಷ್ಟು ಹೊತ್ತು ನಿಲ್ಲಬೇಕಲ್ಲ ಎಂಬ ನಾಚಿಕೆಗೆ ಬೇಡವೆಂದು ತಲೆಯಾಡಿಸಿ, ಕವರಿನೊಳಗೆ ಇಣುಕದೆ ಮನೆಗೆ ಬಂದೆ.

ನಮ್ಮ ಕಡೆ ಕೆರೆ ಮೀನನ್ನು ಒಲೆಯ ಬೂದಿ ಹಚ್ಚಿ ಕಲ್ಲಿಗೆ ಉಜ್ಜುತ್ತೇವೆ; ಹುರುಪೆಯೂ ಲೋಳೆಯೂ ಹೋಗುತ್ತವೆ. ಕೈ ತುಂಬ ಬೂದಿ ಹಿಡಿದು ಕವರನ್ನು ಕಲ್ಲಿನ ಮೇಲೆ ಸುರಿದೆ. ಸುರಿದವಳು ಗೋಡೆಗೆ ಒರಗಿದೆ. ಒಂದು ತುದಿಗೆ ಚೀಲದಂಥ ಮೈ, ನಡುವೆ ನನ್ನನ್ನೇ ನೋಡುವ ಎರಡು ದೊಡ್ಡ ಕಣ್ಣು, ಆ ಕಣ್ಣುಗಳ ಮುಂದೆ ನೇರವಾಗಿ ತಲೆಯಿಂದಲೇ ಹೊರಟ ಎಳೆಎಳೆ ಜೋಲು! ಹುರುಪೆ ಇಲ್ಲ, ರೆಕ್ಕೆ ಇರಬೇಕಾದ ಕಡೆ ಇಲ್ಲ. ಉಜ್ಜಿದರೆ ಬೂದಿಯ ಜೊತೆ ಕೆಂಪು ಚುಕ್ಕೆಯ ಚರ್ಮವೇ ಕಳಚಿ ಬಂತು. ಜೋತಾಡುವುದೆಲ್ಲ ಕರುಳೇ ಇರಬೇಕೆಂದು ತರ್ಕಿಸಿ, ಕಣ್ಣು ಮುಚ್ಚಿ, ತಲೆಸಮೇತ ಕಿತ್ತು ಕಸದ ಬುಟ್ಟಿಗೆ ಎಸೆದೆ. ಕೀಳುವಾಗ ಒಳಗೇನೋ ಒಡೆದು ಮಸಿಯಂಥ ಕಪ್ಪು ನೀರು ಸೀರೆಗೆಲ್ಲ ಹಾರಿತು. ಕೊಳೆತಿದೆ ಎಂದುಕೊಂಡೆ. ಕೊನೆಗೆ ಚೀಲದೊಳಗೆ ಬೆರಳಿಟ್ಟಾಗ ಸಿಕ್ಕಿತು ನೋಡಿ: ಗೇಣುದ್ದದ, ಗಾಜಿನಂತೆ ಆಚೆ ಕಾಣುವ, ಬಳುಕುವ ಪ್ಲಾಸ್ಟಿಕ್ ಪಟ್ಟಿ. ಇನ್ನೊಂದನ್ನು ಸೀಳಿದೆ, ಅದರಲ್ಲೂ ಪ್ಲಾಸ್ಟಿಕ್.

ಗಂಡಸರು ಬಂದರೆ ಬಾಗಿಲ ಹಿಂದೆ ನಿಲ್ಲುವ, ಬಸ್ಸಿನಲ್ಲಿ ನನ್ನ ಸ್ಟಾಪ್ ದಾಟಿಹೋದರೂ ಕಂಡಕ್ಟರನ್ನು ಕೂಗದ ನಾನು, ಆ ಎರಡು ಪಟ್ಟಿಗಳನ್ನು ಮುಷ್ಟಿಯಲ್ಲಿ ಹಿಡಿದು, ಮಸಿ ಮೆತ್ತಿದ ಸೀರೆಯಲ್ಲೇ ಆಟೋ ಹತ್ತಿದೆ.

"ಏನಮ್ಮಾ, ಮೀನಿನ ವಟ್ಟೆಯೊಳಗೆ ಪ್ಲಾಸ್ಟಿಕ್ ಆಕಿ ಮಾರ್ತೀಯಾ? ಬಸ್ರಿ ಎಂಗಸ್ಗೆ ಅಂತ ತಗೊಂಡೋದೆ ಕಣಮ್ಮಾ!"

ಆ ದನಿ ನನ್ನದೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಮಾರುಕಟ್ಟೆಯೆಲ್ಲ ತಿರುಗಿ ನೋಡಿತು. ಅಂಜಲೈ ಪಟ್ಟಿಯನ್ನು ನೋಡಿದಳು, ನನ್ನ ಸೀರೆಯನ್ನು ನೋಡಿದಳು, ಕತ್ತಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ಆಂಡವಾ! ಅಕ್ಕಾ, ಅದು ಅದ್ರ ಮುಳ್ಳು ಅಕ್ಕಾ! ಬೆನ್ನಿಗೆ ಅದೊಂದೇ. ಕಪ್ಪು ನೀರು ಬಂತಾ? ಕೊಳ್ತಿಲ್ಲ, ಮಸಿ ಅದು. ಯಾರನಾ ಇಡ್ಯಾಕೆ ಬಂದ್ರೆ ಮೂತಿಗೆ ಬಿಟ್ಟು ಓಡೋಗ್ತದೆ. ಕಾಲು ಏನು ಮಾಡ್ದೆ?"

"ಯಾವ ಕಾಲು?"

"ತಲೆಗೆ ಇರ್ತದಲ್ಲ, ಹತ್ತು!"

"ಕರುಳು ಅಂದ್ಕೊಂಡು ಬಿಸಾಕ್ಬಿಟ್ಟೆ."

"ಬಿಸಾಕ್ದಾ! ರುಚಿ ಇರೋದೇ ಅದ್ರಲ್ಲಿ. ಕೂತ್ಕೋ ಇಲ್ಲಿ."

ಮೀನಿನ ಬುಟ್ಟಿಗಳ ನಡುವೆ ಮಣೆಯ ಮೇಲೆ ಕೂತು ನಾನು ಎಂಟನೇ ತರಗತಿಯ ಪಾಠ ಕೇಳಿದೆ. ಅಂಜಲೈ ಹೊಸದೊಂದನ್ನು ಎತ್ತಿ ಎಳೆಗಳನ್ನು ಹೂವಿನಂತೆ ಬಿಡಿಸಿದಳು: ಎಂಟು ಗಿಡ್ಡ, ಎರಡು ಉದ್ದ. ಉದ್ದದ್ದರಿಂದ ಚಾಚಿ ಹಿಡಿಯುವುದು, ಗಿಡ್ಡದ್ದರಿಂದ ಬಾಯಿಗೆ ತರುವುದು. ಒಂದೊಂದರ ಮೇಲೂ ಸಾಲಾಗಿ ಪುಟ್ಟ ಬಟ್ಟಲು. ಆ ಬಟ್ಟಲುಗಳು ಅಂಟಿ ಹಿಡಿಯುತ್ತವಂತೆ. ಹತ್ತರ ನಡುವೆ ಬಾಯಿ, ಬಾಯಿಯೊಳಗೆ, ದೇವರೇ, ಗಿಳಿಯ ಕೊಕ್ಕು! ಇದರ ದಾಯಾದಿಯೊಂದಕ್ಕೆ ಎಂಟೇ ಕಾಲು, ಮುಳ್ಳೂ ಇಲ್ಲ; ಇನ್ನೊಂದರ ಬೆನ್ನೊಳಗೆ ಬಿಳಿ ಹಲಗೆ, "ಗ್ರಂದಿಗೆ ಅಂಗಡೀಲಿ ಸಮುದ್ರ ನೊರೆ ಅಂತ ಕೊಡ್ತಾರಲ್ಲಾ, ಅದೇ" ಎಂದಳು. ನಾನು ಮಣೆಯಿಂದ ಜಾರುವುದೊಂದು ಬಾಕಿ. ನಿಮ್ಮಪ್ಪ ಮಗುವಾಗಿದ್ದಾಗ ಅತ್ತೆಯವರು ಹೇಳಿದರೆಂದು ತೇಯ್ದು ಅವನ ಮೈಗೆ ಹಚ್ಚಿದ್ದೆನಲ್ಲ, ಅಲೆಯ ನೊರೆಯೇ ಗಟ್ಟಿಯಾಗಿದೆ ಎಂದು ನಂಬಿ! ಯಾರದೋ ಬೆನ್ನೆಲುಬನ್ನು!

ಅಂಜಲೈ ಶುಚಿ ಮಾಡಿ ಕೊಟ್ಟ ಹೊಸದನ್ನು ಕಾಲುಸಮೇತ ಮನೆಗೆ ತಂದು, ಹುಣಸೆ, ಬ್ಯಾಡಗಿ ಮೆಣಸಿನಕಾಯಿ ಅರೆದು ಬೇಯಿಸಿದೆ. ಸೊಸೆಯ ಕಡೆಯ ರುಚಿ ನನಗೆ ತಿಳಿಯದು. ನಮ್ಮ ಕೆರೆ ಮೀನಿನ ಸಾರನ್ನೇ ಗಟ್ಟಿ ಮಾಡಿದ್ದೆ. ತಟ್ಟೆಯನ್ನು ಅವಳ ಮುಂದಿಟ್ಟು, ಎಂದಿನಂತೆ ಓಡಿಹೋಗದೆ ಅಲ್ಲೇ ಕೂತೆ.

ಅವಳು ನನ್ನ ಸೀರೆಯ ಮಸಿ ನೋಡಿದಳು. ತಟ್ಟೆ ನೋಡಿದಳು. "ಎಂತ ಅತ್ತೆ ಇದು, ಬೊಂಡಾಸವಾ!" ಒಂದು ಕಾಲನ್ನು ಬಾಯಿಗಿಟ್ಟಳು. ನಾನು ಉಸಿರು ಹಿಡಿದು ಎಣಿಸಿದೆ. ಎರಡನೆಯದು. ಮೂರನೆಯದು. ವಾಂತಿ ಬರಲಿಲ್ಲ. ಮಾರುಕಟ್ಟೆಯಲ್ಲಿ ನಾನು ಮಾಡಿದ ಯುದ್ಧವನ್ನೆಲ್ಲ ಹೇಳಿಬಿಟ್ಟೆ. ಅವಳ ಜೊತೆ ನಾನು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

"ಇಂಗ್ಲಿಷಲ್ಲಿ ಸ್ಕ್ವಿಡ್ ಅಂತಾರೆ ಅತ್ತೆ. ಇದಕ್ಕೆ ರಕ್ತ ನೀಲಿ. ಮತ್ತೆ ಹೃದಯ ಮೂರು ಉಂಟು."

"ಸಾಕು ಕಣವ್ವ, ಇವತ್ತಿಗೆ ಸಾಕು" ಎಂದೆ.

ಅವಳು ನಗಲಿಲ್ಲ. ತಟ್ಟೆಯನ್ನೇ ನೋಡುತ್ತಾ, "ನನ್ನೊಳಗೂ ಈಗ ಮೂರು ಉಂಟು ಅತ್ತೆ" ಎಂದಳು. "ಹೋದ ವಾರ ಸ್ಕ್ಯಾನಿಂಗಲ್ಲಿ ತೋರಿಸಿದ್ರು. ನನ್ನದೊಂದು, ಮತ್ತೆ ಎರಡು. ಕಳೆದ ಸಲ ಎಲ್ಲರಿಗೂ ಹೇಳಿ ಮತ್ತೆ ಹಾಗಾಯ್ತಲ್ಲ... ಈ ಸಲ ಹೇಳೋದು ಬೇಡ ಅಂತ ಇವರ ಹತ್ರ ನಾನೇ ಆಣೆ ಹಾಕಿಸಿದ್ದು."

ಇಂಥ ಹೊತ್ತಿನಲ್ಲಿ ಅಜ್ಜಿಯಾಗುವವಳು ದೇವರಿಗೆ ಕೈ ಮುಗಿಯಬೇಕು, ಸೊಸೆಯ ದೃಷ್ಟಿ ತೆಗೆಯಬೇಕು. ಬೆಳಗಿನಿಂದ ಬೆಚ್ಚಿ ಬೆಚ್ಚಿ ದಣಿದಿದ್ದ ನನ್ನ ಬಾಯಿಂದ ಬಂದದ್ದು ಒಂದೇ ಮಾತು:

"ಅಂಗಾದ್ರೆ ಕಾಲೆಷ್ಟವ್ವಾ?"

ಅವಳು ಕಣ್ಣರಳಿಸಿ ನನ್ನನ್ನೇ ನೋಡಿದಳು. ಆಮೇಲೆ ಮಸಾಲೆ ಮೆತ್ತಿದ ಬೆರಳು ಮಡಿಸಿ ನಿಜವಾಗಿಯೂ ಎಣಿಸಿದಳು.

"ಕೈಕಾಲು ಎಲ್ಲ ಸೇರಿದ್ರೆ ಹನ್ನೆರಡು ಅತ್ತೆ. ಬೊಂಡಾಸಕ್ಕಿಂತ ಎರಡು ಹೆಚ್ಚೇ!"

ಹೇಳಿದವಳು ನಗತೊಡಗಿದಳು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡು ತಟ್ಟೆಯನ್ನು ನನ್ನ ಕಡೆ ತಳ್ಳಿದಳು. "ಅಮ್ಮನಿಗೆ ಈಗ ಬರೋದು ಬೇಡ ಅಂತ ಹೇಳ್ತೇನೆ. ಇನ್ನೂ ಸ್ವಲ್ಪ ಹಾಕಿ. ಕಾಲೇ ಹಾಕಿ."