ಒಬ್ಬಳನ್ನೇ ಬಲ್ಲ ಕೂಸು

ಹಾರ್ಲಿಂಗೆನ್ ಬಂದರಿನ ಹಿಂದಿನ ಬೀದಿಯಲ್ಲಿ ಹಿಂಕೆಯ ಮನೆ ಯಾವುದೆಂದು ಕೇಳಿದರೆ ಯಾರೂ ಬಾಗಿಲ ನಂಬರು ಹೇಳುತ್ತಿರಲಿಲ್ಲ. "ಬಟ್ಟೆ ಒಣಗ್ತಾ ಇರುತ್ತಲ್ಲ, ಅದೇ" ಎನ್ನುತ್ತಿದ್ದರು. ಸೋಮವಾರ ಬಂತೆಂದರೆ ಹಿತ್ತಿಲ ತಂತಿಯ ಮೇಲೆ ಅಂಗೈಯಗಲದ ಅಂಗಿ, ಕುಲಾವಿ, ತೊಟ್ಟಿಲ ಹಾಸುಗಳು ಸಮುದ್ರದ ಗಾಳಿಗೆ ಪಟಪಟ ಹೊಡೆದುಕೊಳ್ಳಲೇಬೇಕು. ಅವಳ ಸ್ವಂತ ಮಕ್ಕಳಿಗೆ ತಲೆ ನರೆಯುವ ಕಾಲ ಬಂದಿತ್ತು. ಇವೆಲ್ಲ ಎರವಲು ಕೂಸುಗಳ ಬಟ್ಟೆ. ಹೆತ್ತವಳು ಆಸ್ಪತ್ರೆಯಲ್ಲೋ ಜೈಲಿನಲ್ಲೋ ಚಟದಲ್ಲೋ ಸಿಕ್ಕಿಕೊಂಡಾಗ ಮಕ್ಕಳ ರಕ್ಷಣೆಯ ಕಚೇರಿಯವರು ಹಸುಗೂಸನ್ನು ತಂದು ಹಿಂಕೆಯ ಮಡಿಲಿಗೆ ಹಾಕುತ್ತಿದ್ದರು, ಒಂದು ದಾರಿ ಕಂಡ ಮೇಲೆ ಒಯ್ಯುತ್ತಿದ್ದರು. ಅವಳ ಗಂಡ ದೌವೆ ಕೈನಡುಕದ ಕಾಯಿಲೆಯಿಂದ ಕುರ್ಚಿ ಹಿಡಿದಿದ್ದ. "ನಮ್ದು ಮನೆಯಲ್ಲ, ದೋಣಿಕಟ್ಟೆ" ಎಂದು ಬಂದವರಿಗೆಲ್ಲ ಹೇಳಿ ತಾನೇ ನಗುತ್ತಿದ್ದ. "ಬರೋರು ಬರ್ತಾರೆ, ಹೋಗೋರು ಹೋಗ್ತಾರೆ. ಉಳಿಯೋ ಮುದುಕರು ನಾವಿಬ್ರೇ."

ಕೂಸು ಸಾಕಲು ಹಿಂಕೆಯ ತಾಯಿ ಅವಳಿಗೆ ಕಲಿಸಿದ್ದು ಮೂರೇ ಮಾತು: ಶಾಂತಿ, ಶುಚಿ, ಕ್ರಮ. ಆ ನಾಡಿನ ಅಜ್ಜಿಯರೆಲ್ಲ ಮಂತ್ರದಂತೆ ಹೇಳುವ ಮಾತು ಅದು. ಹಿಂಕೆ ಅದರಲ್ಲಿ ಶುಚಿಯನ್ನು ಒಂದು ಕೈ ಹೆಚ್ಚಾಗಿಯೇ ಪಾಲಿಸುವವಳು. ಹೊರಗಿನ ಬಟ್ಟೆ ಒಗೆಯದೆ ತೊಟ್ಟಿಲಿಗೆ ಹೋಗುವುದೆಂದರೆ ಅವಳ ಲೆಕ್ಕದಲ್ಲಿ ಕೆಸರುಗಾಲಲ್ಲಿ ಹಾಸಿಗೆ ಹತ್ತಿದ ಹಾಗೆ.

ಫೆನ್ನಾ ಬಂದಾಗ ಇನ್ನೂ ಕೊರಳು ನಿಲ್ಲದ ಕೂಸು. ತಾಯಿ ಶಾಂತಾಲ್ ಎಂಬ ಹುಡುಗಿ, ತಾನೇ ಇನ್ನೂ ಮಗುವಿನಂತಿದ್ದವಳು. ಮಾತ್ರೆಯ ಚಟ ಬಿಡಿಸಿಕೊಳ್ಳಲು ಗ್ರೋನಿಂಗೆನ್ನಿನ ಚಿಕಿತ್ಸಾಲಯ ಸೇರಿದ್ದಳು. ಅವಳು ಗುಣವಾದರೆ, ಕೂಸು ಅವಳಿಗೆ ಒಗ್ಗಿದರೆ, ಚಳಿಗಾಲದ ಹೊತ್ತಿಗೆ ನ್ಯಾಯಾಧೀಶರು ಮಗುವನ್ನು ತಾಯಿಗೇ ಒಪ್ಪಿಸುತ್ತಾರೆ ಎಂದು ಮಾತಾಗಿತ್ತು. ಹಿಂಕೆಗೂ ಬೇಕಿದ್ದದ್ದು ಅದೇ.

ಕಚೇರಿಯ ಯೋರಿನ್ ತಿಳಿವಳಿಕೆಯ ಹೆಂಗಸು. ಹಸುಗೂಸಿನ ಕಣ್ಣಿಗೆ ಎತ್ತಿಕೊಂಡವರ ಮುಖದಾಚೆ ಎಲ್ಲ ಮಸುಕು, ಆದರೆ ಮೂಗು ಹುಟ್ಟುತ್ತಲೇ ಚುರುಕು, ತಾಯಿಯ ವಾಸನೆಯನ್ನು ಅದು ಮೊದಲ ದಿನಗಳಲ್ಲೇ ಗುರುತು ಹಿಡಿಯುತ್ತದೆ ಎಂದು ಶಾಂತಾಲ್‌ಗೆ ವಿವರಿಸಿದ್ದಳು. ಒಂದು ಬಟ್ಟೆಯನ್ನು ಎದೆಗೆ ಅವುಚಿಕೊಂಡು ಮಲಗು, ಅದನ್ನು ಕೂಸಿನ ಪಕ್ಕ ಇಡಲು ಕೊಡು ಎಂದಿದ್ದಳು. ಶಾಂತಾಲ್ ಪ್ರತಿ ಬುಧವಾರ ರೈಲು ಹತ್ತಿ ಬರುವಾಗ ಅಂಥದೊಂದು ಹಳದಿ ಬಟ್ಟೆ ತರುತ್ತಿದ್ದಳು. ಬೆವರು, ಸಿಗರೇಟು, ಅಗ್ಗದ ಸೆಂಟು ಎಲ್ಲ ಕೂಡಿ ಮೂಗಿಗೆ ಹೊಡೆಯುತ್ತಿದ್ದ ಬಟ್ಟೆ. ಹಿಂಕೆ ಅದನ್ನು ಎರಡು ಬೆರಳಲ್ಲಿ ಹಿಡಿದು ನೇರ ಒಗೆಯುವ ಯಂತ್ರಕ್ಕೆ ಹಾಕಿ, ಕುದಿನೀರಲ್ಲಿ ಒಗೆದು, ಇಸ್ತ್ರಿ ಮಾಡಿ, ಆಮೇಲೆ ತೊಟ್ಟಿಲಲ್ಲಿಡುತ್ತಿದ್ದಳು. ಆ ಬಟ್ಟೆ ಏಕೆಂದು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಮನಸ್ಸಿನಲ್ಲಿ ಒಂದಿಷ್ಟೂ ಕೇಡಿರಲಿಲ್ಲ. ಯಾರದೋ ಮಗು, ಚೊಕ್ಕಟವಾಗಿ ಸಾಕಬೇಕು ಎಂಬುದೊಂದೇ.

ಬೇಸಿಗೆಯೆಲ್ಲ ಕೂಸು ಶಾಂತಾಲ್‌ಳ ಮಡಿಲಲ್ಲಿ ಚೆನ್ನಾಗಿಯೇ ಆಡಿತು. ಎಲೆಗಳು ಹಳದಿಯಾಗುವ ಹೊತ್ತಿಗೆ ಅದಕ್ಕೆ ಎಂಟು ತಿಂಗಳು ತುಂಬಿತು. ಆಗ ಆ ವಯಸ್ಸಿನ ಎಲ್ಲ ಮಕ್ಕಳಿಗೂ ಬರುವುದು ಇದಕ್ಕೂ ಬಂತು. ಆ ನಾಡಿನವರು ಅದಕ್ಕೆ 'ಏನ್‌ಕೆನ್ನಿಖ್' ಎನ್ನುತ್ತಾರೆ. ಒಬ್ಬರನ್ನೇ ಬಲ್ಲದ್ದು ಎಂದರ್ಥ. ಇದು ನನ್ನ ಮುಖ, ಉಳಿದವೆಲ್ಲ ಪರರ ಮುಖ ಎಂಬ ಲೆಕ್ಕ ಆ ಪುಟ್ಟ ತಲೆಯೊಳಗೆ ಮೊದಲ ಬಾರಿಗೆ ಕೂಡಿಬರುವ ಕಾಲ. ಫೆನ್ನಾ ಬಲ್ಲ ಆ ಒಬ್ಬಳು ಹಿಂಕೆ.

ಆ ಬುಧವಾರ ಶಾಂತಾಲ್ ಎತ್ತಿಕೊಂಡದ್ದೇ ತಡ, ಕೂಸು ಬೆನ್ನು ಸೆಟೆಸಿ ಉಸಿರು ಕಟ್ಟುವ ಹಾಗೆ ಚೀರಿತು. ಹಿಂಕೆಯ ಕಡೆ ಕೈಚಾಚಿ ಅತ್ತಿತು. ಶಾಂತಾಲ್ ತೊಟ್ಟಿಲಿಂದ ಹಳದಿ ಬಟ್ಟೆ ಎಳೆದು ಅದರ ಕೆನ್ನೆಗೆ ಒತ್ತಿದಳು. "ಇದು ಅಮ್ಮಂದು ಕಣೆ ಪುಟ್ಟಾ, ಅಮ್ಮನ ವಾಸ್ನೆ ನೋಡು." ಕೂಸು ಇನ್ನೂ ಜೋರಾಗಿ ಅತ್ತಿತು. ಹುಡುಗಿ ಬಟ್ಟೆಯನ್ನು ತನ್ನ ಮೂಗಿಗೆ ಹಿಡಿದಳು. ಮತ್ತೆ ಹಿಡಿದಳು.

"ಇದರಲ್ಲಿ ನಾನೇ ಇಲ್ವಲ್ಲ. ಬರೀ ಸೋಪಿದೆ. ನೀವು ಇದನ್ನ ಒಗೀತೀರಾ?"

"ಒಗೀದೆ ಕೂಸಿನ ಹತ್ರ ಹೇಗಮ್ಮಾ ಇಡೋದು?" ಎಂದಳು ಹಿಂಕೆ, ಹೆಮ್ಮೆಯಿಂದಲೇ. ಎಂದ ಮೇಲೆ ತಾನು ಮಾಡಿದ್ದೇನೆಂದು ಹೊಳೆಯಿತು. ತಾಯಿ ವಾರವಾರ ತಂದುಕೊಟ್ಟ ಗುರುತನ್ನು ಅವಳು ವಾರವಾರ ಚರಂಡಿಗೆ ಹರಿಸಿದ್ದಳು.

ಶಾಂತಾಲ್ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂದಿನಿಂದ ಹಿಂಕೆ ಆ ಬಟ್ಟೆಗೆ ನೀರು ಸೋಕಿಸಲಿಲ್ಲ. ತಾಯಿ ಬಂದಾಗ ತಾನು ಅಡುಗೆಮನೆಗೆ ಸರಿದು ಬಾಗಿಲು ಮುಚ್ಚಿ ನೋಡಿದಳು, ಪಕ್ಕದಲ್ಲೇ ಕೂತು ನೋಡಿದಳು. ಯಾವುದಕ್ಕೂ ಕೂಸು ಬಗ್ಗಲಿಲ್ಲ. ಒಬ್ಬಳನ್ನು ಬಲ್ಲ ಮಗು ಇನ್ನೊಬ್ಬಳನ್ನೂ ಕಲಿಯುತ್ತದೆ, ಇದು ಬುದ್ಧಿ ಬೆಳೆದ ಗುರುತು, ತಾಳ್ಮೆ ಬೇಕಷ್ಟೇ ಎಂದು ಯೋರಿನ್ ಹೇಳಿದ್ದು ನಿಜವೇ. ಆದರೆ ಹೆತ್ತ ಕೂಸೇ ತನ್ನನ್ನು ಕಂಡು ಚೀರುವಾಗ ತಾಳ್ಮೆಯನ್ನು ಎಲ್ಲಿಂದ ತರುವುದು? ಶಾಂತಾಲ್ ಒಂದು ಬುಧವಾರ ತಪ್ಪಿಸಿದಳು. ಮರುವಾರವೂ ಬರಲಿಲ್ಲ. ಕೊನೆಗೆ ಫೋನು ಬಂತು.

"ನಾನು ಹಟ ಮಾಡಲ್ಲ, ಮಗು ನನಗೆ ಕೊಡೋದು ಬೇಡ ಅಂತ ಕಚೇರಿಗೆ ಬರೆದುಕೊಟ್ಬಿಟ್ಟೆ. ಅವಳಿಗೆ ಅಮ್ಮ ಇದ್ದಾರಲ್ಲ. ನಿಮ್ಮ ಹತ್ರಾನೇ ಇರ್ಲಿ ಬಿಡಿ."

"ಕಚೇರಿಯವರು ನನ್ನ ಹತ್ರ ಬಿಡಲ್ಲ ಕಣೇ ಹುಡುಗಿ" ಎಂದು ಹಿಂಕೆ ಕೂಗುವಷ್ಟರಲ್ಲಿ ಫೋನು ಇಟ್ಟಾಗಿತ್ತು. ಮತ್ತೆ ಎಷ್ಟು ಸಲ ಮಾಡಿದರೂ ಆ ಹುಡುಗಿ ಎತ್ತಲಿಲ್ಲ.

ಬಿಡಲೂ ಇಲ್ಲ. ಹಿಂಕೆ ಯೋರಿನ್‌ಳ ಕೈ ಹಿಡಿದು ಬೇಡಿದಳು. ಎಪ್ಪತ್ತರ ಹತ್ತಿರದ ಹೆಂಗಸು, ಕಾಯಿಲೆಯ ಗಂಡ. ಮಗು ಬೆಳೆದು ನಿಲ್ಲುವ ತನಕ ಜೊತೆಗಿರುವವರು ಬೇಕು ಎಂದಿತು ಕಚೇರಿ. ಅದರಲ್ಲೂ ಸುಳ್ಳೇನಿರಲಿಲ್ಲ. ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು. ಜ್ವೊಲ್ಲೆ ಊರಿನ ಲೀಸೆಲೊಟ್ ಮತ್ತು ಅವಳ ಗಂಡ, ಮಕ್ಕಳಿಲ್ಲದ ಒಳ್ಳೆಯ ಜನ, ನಾಲ್ಕಾರು ಸಲ ಬಂದು ಕೂಸಿನೊಡನೆ ಆಡಿ, ಕೊನೆಗೊಂದು ಬೆಳಿಗ್ಗೆ ಕಾರಿನಲ್ಲಿ ಒಯ್ದರು. ಫೆನ್ನಾ ಆ ಹೆಂಗಸಿನ ಹೆಗಲ ಮೇಲಿಂದ ಎರಡೂ ಕೈ ಚಾಚಿ ಕಿರುಚುತ್ತಿತ್ತು. ಹಿಂಕೆ ಬಾಗಿಲಲ್ಲಿ ನಿಂತು ನಗುಮುಖದಿಂದ ಕೈಬೀಸಿದಳು. ಹಾಗೆ ಮಾಡಬೇಕೆಂದು ಅವಳಿಗೆ ಹೇಳಿದ್ದರು.

ಕ್ರಿಸ್‌ಮಸ್ ಕಳೆದ ಮೇಲೆ ಲೀಸೆಲೊಟ್‌ಳ ಫೋನು ಬಂತು. ದನಿಯಲ್ಲಿ ಹಿಗ್ಗು ಉಕ್ಕುತ್ತಿತ್ತು. ಮೊದಮೊದಲು ಅತ್ತೂ ಅತ್ತೂ ಸಾಕು ಮಾಡಿತಂತೆ, ಬಾಗಿಲ ಸದ್ದಾದರೆ ಆ ಕಡೆಗೇ ನೋಡುತ್ತಿತ್ತಂತೆ. ಈಗ ಅಳುವೇ ಇಲ್ಲವಂತೆ.

"ಎಷ್ಟು ಸಲೀಸು ಗೊತ್ತಾ? ಯಾರು ಕರೆದ್ರೂ ಹೋಗ್ತಾಳೆ. ನಿನ್ನೆ ಟಪಾಲಿನವಳ ಕೈಗೂ ಹೋದ್ಲು, ನಾನು ಒಳಗೆ ಬಂದ್ರೆ ತಿರುಗಿ ಕೂಡ ನೋಡ್ಲಿಲ್ಲ. ಎಲ್ಲರಿಗೂ ನಗ್ತಾಳೆ."

ಹಿಂಕೆ ಕುರ್ಚಿ ಹುಡುಕಿ ಕೂತಳು. ಮನೆಯಿಂದ ಮನೆಗೆ ಸಾಗಿ ಅವಳ ಬಳಿ ಬಂದಿದ್ದ ಅಂಥ ಮಕ್ಕಳನ್ನು ಅವಳು ಕಂಡಿದ್ದಳು. ಯಾರ ಮಡಿಲಾದರೂ ಸರಿ ಎಂದು ಕೂರುವ, ಎಲ್ಲರಿಗೂ ಒಂದೇ ನಗೆ ನಗುವ ಮಕ್ಕಳು. ಯಾರನ್ನೂ ತಮ್ಮವರೆಂದು ಹುಡುಕದ ಮಕ್ಕಳು.

"ಬೇರೆಯವರ ಕೈಗೆ ಕೊಡ್ಬೇಡಮ್ಮಾ" ಎಂದಳು. "ನೀನೊಬ್ಬಳೇ ಎತ್ಕೋ. ನೀನು ಕಾಣ್ದಿದ್ರೆ ಅವಳು ಅಳಬೇಕು. ಅಳೋವರೆಗೂ ಬಿಡ್ಬೇಡ."

ಲೀಸೆಲೊಟ್ ನಕ್ಕಳು. "ಅಳೋದು ನಿಂತಿದ್ದೇ ಪುಣ್ಯ, ಮತ್ತೆ ಅಳಿಸು ಅಂತೀರಲ್ಲ" ಎಂದಳು. ತನ್ನ ರಜೆ ಮುಗಿಯಿತೆಂದೂ, ಮಗುವನ್ನು ಶಿಶುವಿಹಾರಕ್ಕೆ ಬಿಟ್ಟರೆ ಅಲ್ಲೂ ತಂಟೆಯಿಲ್ಲವೆಂದೂ ಹೇಳಿ, ಎಲ್ಲಕ್ಕೂ ಉಪಕಾರವಾಯಿತೆಂದು ಫೋನಿಟ್ಟಳು.

ಏನು ಸುದ್ದಿ ಎಂದು ದೌವೆ ಕುರ್ಚಿಯಿಂದಲೇ ಕೇಳಿದ.

"ಕೂಸು ಅಳೋದು ಬಿಟ್ಟಿದೆಯಂತೆ."

"ಒಳ್ಳೇದಾಯ್ತಲ್ಲ" ಎಂದ ದೌವೆ, ಸಮಾಧಾನದಿಂದ. ಹಿಂಕೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.