ಮೂರನೆಯ ಗ್ರಾಫಿಕ್ಸ್ ಕಾರ್ಡ್

ಅಪ್ಪ ನಿವೃತ್ತರಾಗಿ ಮೂರು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟವರು, "ಪುಟ್ಟೀ, ನಂಗೊಂದು ಗೇಮ್ ಆಡೋ ಕಂಪ್ಯೂಟರ್ ಬೇಕು. ಸುಮಾರಾದ್ದಲ್ಲ, ದೊಡ್ಡದು. ನೀನೇ ಪಾರ್ಟ್ಸ್ ನೋಡಿ ಮಾಡ್ಕೊಡು" ಅಂದರು. ಅಮ್ಮ ದೋಸೆ ಮಗುಚುವುದನ್ನೇ ಮರೆತಳು. ಟಿವಿಯ ಚಾನೆಲ್ ಬದಲಿಸುವುದಕ್ಕೂ ರಿಮೋಟನ್ನು ನನ್ನ ಕೈಗೆ ಕೊಡುವ ಮನುಷ್ಯ ಅವರು.

ತಪ್ಪು ನನ್ನದೇ. ನಾನಾಗ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಟ್ಟ ಕಂಪ್ಯೂಟರುಗಳನ್ನು ಬಿಚ್ಚಿ ಜೋಡಿಸುವ ಕೆಲಸದಲ್ಲಿದ್ದೆ. ಸಹೋದ್ಯೋಗಿಯೊಬ್ಬರ ಮನೆಯಲ್ಲಿ ರೈಲು ಓಡಿಸುವ ಆಟ ನೋಡಿ ಬಂದು, ಊಟಕ್ಕೆ ಕೂತಾಗ ದೊಡ್ಡದಾಗಿ ವರ್ಣಿಸಿದ್ದೆ. ಅಪ್ಪ ಇಪ್ಪತ್ತು ವರ್ಷದ ಮೇಲೆ ಎಂಜಿನ್ ಡ್ರೈವರಾಗಿದ್ದವರು. ಕೊನೆಯ ನಾಲ್ಕು ವರ್ಷ ಮಾತ್ರ ಆಫೀಸಿನಲ್ಲಿ ಕೂತು ಬೇರೆ ಡ್ರೈವರುಗಳಿಗೆ ಡ್ಯೂಟಿ ಹಾಕಿದರು. "ಬೆನ್ನು ನೋವು ಕಣೇ. ನಾನೇ ಬರ್ಕೊಟ್ಟು ಎಂಜಿನ್ ಬಿಟ್ಟೆ" ಎಂದಿದ್ದರು. ವೆಸ್ಟ್ ಮಾಂಬಲಂನ ನಮ್ಮ ಮನೆಗೆ ಪ್ರತಿ ರೈಲಿನ ಸದ್ದೂ ಕೇಳುತ್ತದೆ. ಆಮೇಲಾಮೇಲೆ ಅವರು ಹಳಿಯ ಕಡೆಯ ಕಿಟಕಿ ಮುಚ್ಚಿಬಿಡುತ್ತಿದ್ದರು. ಸೊಳ್ಳೆ ಕಾಟಕ್ಕೆ ಎಂದುಕೊಂಡಿದ್ದೆವು.

ಶನಿವಾರ ಇಬ್ಬರೂ ಕಂಪ್ಯೂಟರ್ ಅಂಗಡಿಗಳ ರಿಚ್ಚಿ ಸ್ಟ್ರೀಟಿಗೆ ಹೋದೆವು. ಅಪ್ಪನದು ಬಿಳಿ ಪಂಚೆ, ವಿಭೂತಿ, ಕೈಯಲ್ಲಿ ನಾನು ಬರೆದ ಪಟ್ಟಿ. ಪಟ್ಟಿ ನೋಡಿದ ಅಂಗಡಿಯವನು ಹುಬ್ಬೇರಿಸಿ, "ಪೇರನುಕ್ಕಾ ಸಾರ್?" ಎಂದ. ತಮಿಳಿನಲ್ಲಿ ಮೊಮ್ಮಗನಿಗಾ ಎಂದು ಕೇಳಿದ್ದು. "ಎನಕ್ಕುದಾನ್ ಪಾ," ನನಗೇ ಕಣಯ್ಯಾ, ಎಂದು ಅಪ್ಪ ಸ್ಟೂಲ್ ಎಳೆದುಕೊಂಡು ಕೂತರು.

ನಾನು ಆವತ್ತು ಮೆರೆದೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ, ಕರೆಂಟು ಕೊಡುವ ಎಸ್‌ಎಂಪಿಎಸ್ ಬೇಡ, ಭಾರದ್ದು ಬೇರೆ ಕೊಡಿ ಎಂದೆ. ಪ್ರೊಸೆಸರ್ ತಣ್ಣಗಿರಲು ದೊಡ್ಡ ಫ್ಯಾನ್ ಕೇಳಿದೆ. ಆಫೀಸಿನ ಸರ್ವರ್‌ನಲ್ಲೂ ಇಲ್ಲದಷ್ಟು ರ್‍ಯಾಮ್ ಹಾಕಿಸಿದೆ. ಅಪ್ಪ ಯಾವುದಕ್ಕೂ ತಲೆ ಹಾಕಲಿಲ್ಲ. ಅವರದು ಒಂದೇ ಹಟ: "ದೂರದ ಸಿಗ್ನಲ್ ಬಣ್ಣ ಸರಿಯಾಗಿ ಕಾಣಿಸ್ಬೇಕು. ಮಿಕ್ಕಿದ್ದು ಏನಾದ್ರೂ ಹಾಕು."

ಹಾಗಾಗಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ತಂದೆವು. ಎರಡೇ ದಿನಕ್ಕೆ, "ಇದ್ರಲ್ಲಿ ಬಣ್ಣ ಸತ್ತೋಗಿದೆ" ಎಂದರು. ನನ್ನ ಕಣ್ಣಿಗೆ ಎಲ್ಲ ಸರಿಯಾಗಿತ್ತು. ಆದರೆ ನನಗಿಂತ ಅವರಿಗೆ ಸಿಗ್ನಲ್ ಗೊತ್ತಲ್ಲವೇ? ಅದನ್ನು ಕೊಟ್ಟು ಇನ್ನೂ ಮೇಲಿನದು ತಂದೆ. ಅದೂ ಸರಿಯಿಲ್ಲ. ಮಾನಿಟರ್ ಬದಲಾಯಿತು, ಕೇಬಲ್ ಬದಲಾಯಿತು. ಮೂರನೆಯ ಸಲ ಅಪ್ಪನ ಜೊತೆ ಅಂಗಡಿಗೆ ಹೋಗುವಷ್ಟರಲ್ಲಿ ನನ್ನ ಪಿತ್ತ ನೆತ್ತಿಗೇರಿತ್ತು. ವಯಸ್ಸಾದವರೆಂದು ಕೆಟ್ಟ ಮಾಲು ತಲೆಗೆ ಕಟ್ಟುತ್ತೀರಾ ಎಂದು ಗಿರಾಕಿಗಳ ಎದುರಿಗೇ ಆ ಮನುಷ್ಯನ ಮಾನ ಹರಾಜು ಹಾಕಿದೆ. ಅವನು ಅಂಗಡಿಯಲ್ಲಿದ್ದುದರಲ್ಲೇ ಅತಿ ದೊಡ್ಡ ಕಾರ್ಡಿನ ಡಬ್ಬ ತೆಗೆದು ಕೊಟ್ಟ. ಕೊಡುವಾಗ ನನ್ನನ್ನಲ್ಲ, ಅಪ್ಪನನ್ನೇ ನೋಡುತ್ತಿದ್ದ. ಯಾಕೆಂದು ನನಗೆ ಆಗ ಹೊಳೆಯಲೇ ಇಲ್ಲ.

ಭಾನುವಾರ ಮಧ್ಯಾಹ್ನ ಅದನ್ನು ಕೂರಿಸಿದೆ. ಅಪ್ಪ ಸ್ನಾನ ಮಾಡಿ, ಹಳೆಯ ಖಾಕಿ ಶರ್ಟ್ ಹಾಕಿಕೊಂಡು ಬಂದರು. ನನಗೆ ನಗು ಬಂತು, ತಡೆದುಕೊಂಡೆ. ಪಕ್ಕದ ಕುರ್ಚಿ ತೋರಿಸಿ, "ನೀನು ಅಸಿಸ್ಟೆಂಟು. ನಾನು ಸಿಗ್ನಲ್ ಕೂಗಿದ್ರೆ ನೀನೂ ನೋಡಿ ಕೂಗ್ಬೇಕು. ನೋಡ್ದೆ ಕೂಗಬಾರ್ದು" ಎಂದರು. ಎಂಜಿನ್‌ನಲ್ಲಿ ಇಬ್ಬರೂ ಹಾಗೆ ಕೂಗಲೇಬೇಕಂತೆ. ಇಬ್ಬರ ಮಾತು ಬೇರೆಯಾದರೆ ಗಾಡಿ ನಿಲ್ಲಿಸಬೇಕಂತೆ.

ರೈಲು ಹೊರಟಿತು. ಯಾವುದೋ ದೇಶದ ಬಯಲು. ನಮ್ಮಲ್ಲಿಯ ಹಾಗೆ ಕಂಬದ ಮೇಲೆ ಒಂದೊಂದು ಬಣ್ಣಕ್ಕೆ ಒಂದೊಂದು ಜಾಗವಿಲ್ಲ. ಒಂದೇ ದೀಪ, ಅದರಲ್ಲೇ ಬಣ್ಣ ಬದಲಾಗುತ್ತದೆ. ಅಪ್ಪನ ಬೆನ್ನು ನೆಟ್ಟಗಾಗಿತ್ತು, ಮುಖಕ್ಕೆ ಹತ್ತು ವರ್ಷ ಕಡಿಮೆಯಾಗಿತ್ತು. ದೂರದಲ್ಲಿ ದೀಪ ಕಂಡಿತು.

"ಗ್ರೀನ್!" ಅಪ್ಪ ಕೂಗಿದರು.

ನಾನು ಪರದೆಯತ್ತ ಬಗ್ಗಿ ನೋಡಿದೆ. ದೀಪ ಕೆಂಪಗಿತ್ತು. ಮಸುಕಲ್ಲ, ಅನುಮಾನವಿಲ್ಲ, ಕುಂಕುಮದಷ್ಟು ಕೆಂಪು.

"ಏನೇ, ಕೂಗು!"

ಮೂರು ಕಾರ್ಡು, ಎರಡು ಮಾನಿಟರು, ಮುಚ್ಚಿದ ಕಿಟಕಿ, ಅಂಗಡಿಯವನ ನೋಟ, ಎಲ್ಲ ಒಟ್ಟಿಗೇ ಬಂದು ಬಡಿದವು. ಗ್ರೀನ್ ಎಂದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಬರೀ ಆಟ ತಾನೇ? ಆದರೆ ನೋಡದೆ ಕೂಗಬಾರದು ಎಂದಿದ್ದರು.

"ರೆಡ್, ಅಪ್ಪಾ" ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ. ಕೈ ತಾನಾಗಿ ಬ್ರೇಕಿನ ಕೀಲಿಗೆ ಹೋಯಿತು. ಒಂದು ಜರ್ಕಿಲ್ಲದೆ, ಸಿಗ್ನಲ್ಲಿಗೆ ಒಂದು ಬೋಗಿಯಷ್ಟು ಹಿಂದೆಯೇ ರೈಲು ನಿಂತಿತು. ಅಷ್ಟು ಚೆನ್ನಾಗಿ ನಿಲ್ಲಿಸುವವರನ್ನು ಆ ಆಟದಲ್ಲಿ ನಾನು ಮತ್ತೆ ನೋಡಿಲ್ಲ.

"ಆವತ್ತು ನನ್ ಅಸಿಸ್ಟೆಂಟೂ ಹೀಗೇ ಕೂಗ್ದ" ಎಂದರು. "ಹಿಂದೆ ಹದಿನೆಂಟು ಬೋಗಿ ತುಂಬ ಜನ ಇದ್ರು. ಮಾರನೇ ದಿನ ನಾನೇ ಹೋಗಿ ಕಣ್ಣಿನ ಡಾಕ್ಟರಿಗೆ ಹೇಳ್ದೆ."

ನಾಲ್ಕು ವರ್ಷ ಅಮ್ಮ ಅವರ ಬೆನ್ನಿಗೆ ಎಣ್ಣೆ ತಿಕ್ಕಿದ್ದಳು. ನನಗೆ ಅಳು ಬಂತು. ನಾಳೆ ರಿಚ್ಚಿ ಸ್ಟ್ರೀಟಿಗೆ ಹೋಗಿ ಇನ್ನೊಂದು ಸಲ ಕೇಳೋಣ ಎಂದೇನೋ ತೊದಲಿದೆ.

ಅಪ್ಪ ಖಾಕಿ ಶರ್ಟಿನ ತೋಳಿನಿಂದ ಮಾನಿಟರಿನ ಧೂಳು ಒರೆಸಿದರು.

"ಬೇಡ ಪುಟ್ಟೀ. ಕಾರ್ಡು ಚೆನ್ನಾಗೇ ಇದೆ."