ಹೆಸರು ಕೇಳದ ಬಾಗಿಲು

ಅವರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಜಿದ್ದಾದ ಹಳೇ ಪೇಟೆಯ ಆ ಧರ್ಮಛತ್ರದ ಹೆಬ್ಬಾಗಿಲಿಗೆ ಮರದ ಅಗುಳಿ. ಮೂವತ್ತು ವರ್ಷ ಅದನ್ನು ಸರಿಸುತ್ತ ಎಷ್ಟು ಸಲ ಬೆರಳು ಸಿಕ್ಕಿಸಿಕೊಂಡಿದ್ದರೋ, ಉಗುರು ಬರುವುದನ್ನೇ ನಿಲ್ಲಿಸಿತ್ತು. ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು. ಮನೆಗೆಲಸಕ್ಕೆಂದು ಈ ದೇಶಕ್ಕೆ ಬಂದು, ಆ ಮನೆಯವರು ಹೊರಹಾಕಿದಾಗ ಈ ಬಾಗಿಲು ತಟ್ಟಿ, ಕೊನೆಗೆ ಅದನ್ನೇ ಕಾಯುವವರಾದರು. ಅಲ್ಲಿ ಆಸರೆ ಪಡೆದ ನಾವೆಲ್ಲ ಉಮ್ಮ ಎನ್ನುತ್ತಿದ್ದೆವು.

ಈಗ ಅಲ್ಲಿ ಹಿತ್ತಾಳೆ ಫಲಕ ಹೊಡೆದಿದ್ದಾರೆ. ಹವಳದ ಕಲ್ಲಿನ ಗೋಡೆ, ಕೆತ್ತನೆಯ ಕಿಟಕಿ, ಸಮುದ್ರದಲ್ಲಿ ಗಂಡಂದಿರನ್ನು ಕಳೆದುಕೊಂಡ ಹೆಂಗಸರಿಗಾಗಿ ಒಬ್ಬ ವರ್ತಕ ಕಟ್ಟಿಸಿ ವಕ್ಫ್ ಮಾಡಿದ್ದು, ಎಲ್ಲ ಚರಿತ್ರೆಯೂ ಅದರಲ್ಲಿದೆ. ಕೊನೆಯ ಸಾಲು: ‘ನಂತರ ಬಹುಕಾಲ ಪಾಳುಬಿದ್ದಿತ್ತು.’ ಪಾಳುಬಿದ್ದಿತ್ತಂತೆ! ಓದಿದಾಗ ಮೈ ಉರಿದುಹೋಯಿತು. ಹಾಗಾದರೆ ನಾನು ಗಂಜಿ ಉಂಡದ್ದು ಯಾರ ಮನೆಯಲ್ಲಿ?

ನಾನು ಶಿರ್ವದವಳು, ನರ್ಸ್. ಬಂದ ಹೊಸತರಲ್ಲಿ ಕ್ಲಿನಿಕ್ಕಿನ ಮಾಲೀಕನೊಡನೆ ಜಗಳವಾಗಿ ಪೆಟ್ಟಿಗೆ ಸಮೇತ ಬೀದಿಗೆ ಬಿದ್ದಾಗ ಯಾರೋ ಛತ್ರ ತೋರಿಸಿದರು. ಉಮ್ಮ ಏನೂ ಕೇಳದೆ ಒಳಗೆ ಕರೆದು ಬಟ್ಟಲು ಮುಂದಿಟ್ಟರು. ನಾನು “ಅಯ್ಯೋ ದೇವರೇ” ಎಂದು ಅಳುವುದು ಕಿವಿಗೆ ಬಿದ್ದದ್ದೇ, ಕನ್ನಡದಲ್ಲಿ ಗದರಿದರು: “ಎಂತ ಮಾರಾಯ್ತಿ, ಮೊದ್ಲು ಉಣ್ಣು. ಅಳ್ಲಿಕ್ಕೆ ಆಮೇಲೆ ಬೇಕಾದಷ್ಟು ಹೊತ್ತುಂಟು.”

ಬಾಗಿಲು ತಟ್ಟಿದವಳ ಹೆಸರು, ಊರು ಮೂರು ದಿನ ಕೇಳಕೂಡದು ಎಂದು ಆ ವರ್ತಕ ವಕ್ಫ್ ಪತ್ರದಲ್ಲೇ ಬರೆಸಿದ್ದನಂತೆ. ಓದು ಬಾರದ ಉಮ್ಮನಿಗೆ ಆ ಸಾಲು ಅರಬಿಯಲ್ಲಿ ಬಾಯಿಪಾಠ. ನಾನೇ ಹೆಸರು ಹೇಳಹೋದರೆ ಕೈ ಅಡ್ಡ ಹಿಡಿದರು. “ಹೆಸ್ರು ಹೇಳಿದ್ರೆ ಜಾತಿ ಗೊತ್ತಾಗ್ತದೆ, ಮಗಳೇ. ಮತ್ತೆ ನನ್ನ ಸೌಟು ಸಣ್ಣದಾದ್ರೆ?”

ಎಂಟನೇ ದಿನ ಛತ್ರ ನೋಡಿಕೊಳ್ಳುವ ಕಚೇರಿಯವನು ಬಂದು ನನ್ನ ಇಕಾಮಾ, ಅಂದರೆ ಇಲ್ಲಿರಲು ಬೇಕಾದ ಪರವಾನಗಿ ಚೀಟಿ, ಕೇಳಿದ. “ಇವಳು ಬಂದು ಎರಡೇ ದಿನ” ಎಂದು ಉಮ್ಮ ಸಲೀಸಾಗಿ ಸುಳ್ಳು ಹೇಳಿ ಅವನನ್ನು ಸಾಗಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, “ನಂಗೆ ಲೆಕ್ಕ ಬರುದಿಲ್ಲ ಅಲ್ವಾ” ಎಂದು ನಕ್ಕರು. ಅಷ್ಟರಲ್ಲಿ ನನಗೆ ಬೇರೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು.

ಹೋದ ವರ್ಷ ಅವರಿಂದ ಫೋನು. “ಕಚೇರಿಯವ್ರು ಒಂದು ಕಾಗದ ತಂದಿದ್ದಾರೆ. ಗೋಡೆಗೆ ಬಣ್ಣ ಹೊಡಿಲಿಕ್ಕೆ ಒಪ್ಪಿಗೆ ಬೇಕಂತೆ. ನೀನೊಮ್ಮೆ ಬಂದು ಓದಿ ಹೇಳ್ತೀಯಾ?” ಅರಬಿ ಓದಲು ಕಲಿತಿದ್ದ ನಾನು, ಎರಡೆರಡು ಪಾಳಿಯ ನೆಪ ಹೇಳಿ, “ಶುಕ್ರವಾರ ಬರ್ತೇನೆ ಉಮ್ಮ” ಎಂದೆ. ಕಚೇರಿಯವರು ಬುಧವಾರವೇ ಮತ್ತೆ ಬಂದರು. ಉಮ್ಮನ ಚಪ್ಪಟೆ ಹೆಬ್ಬೆರಳಿನ ಗುರುತು ಕಾಗದದಲ್ಲಿ ಸರಿಯಾಗಿ ಮೂಡಲಿಲ್ಲವೆಂದು ಮೂರು ಸಲ ಒತ್ತಿಸಿಕೊಂಡರಂತೆ. ಶುಕ್ರವಾರ ನಾನು ಹೋದಾಗ ಬಾಗಿಲಿಗೆ ಬೀಗ. ಉಮ್ಮ ಗಂಟುಮೂಟೆಯೊಂದಿಗೆ ಎದುರಿನ ಜಗಲಿಯಲ್ಲಿ ಕೂತಿದ್ದರು. ಅವರ ಕೈಯಲ್ಲಿದ್ದ ಕಾಗದದ ಪ್ರತಿಯನ್ನು ಓದಿದೆ. ಅದರಲ್ಲಿ ಬಣ್ಣದ ಸುದ್ದಿಯೇ ಇರಲಿಲ್ಲ. ಛತ್ರವನ್ನು ಖಾಲಿ ಮಾಡಿ ಒಪ್ಪಿಸಿದ್ದೇನೆ ಎಂದಿತ್ತು. ಆ ಕಳ್ಳರ ಮೇಲಿನ ಸಿಟ್ಟು ಒಂದು ಕಡೆ. ಬುಧವಾರ ಎರಡು ಗಂಟೆ ರಜೆ ಕೇಳದ ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

“ಎಂತ ಬರ್ದಿದ್ದಾರೆ?” ಎಂದರು.

“ಬಣ್ಣ ಹೊಡೀಲಿಕ್ಕೇ, ಉಮ್ಮ.”

“ಹಾಗಾದ್ರೆ ಒಣಗಿದ ಮೇಲೆ ಹೋಗುವ.”

ಊರಿನ ಇನ್ನೊಂದು ಕಡೆ, ಶರಫಿಯಾ ಬಡಾವಣೆಯಲ್ಲಿ, ದರ್ಜಿ ಅಂಗಡಿಯ ಮೇಲೊಂದು ಕೋಣೆ ಹಿಡಿದುಕೊಟ್ಟೆ. ಪಕ್ಕದ ಮನೆಯ ಬಾಗಿಲು ಯಾರಾದರೂ ತಟ್ಟಿದರೂ ಇವರು ಎದ್ದು ನಿಲ್ಲುತ್ತಿದ್ದರು. ಐದನೇ ತಿಂಗಳಲ್ಲಿ ತೀರಿಕೊಂಡರು. ಹಿಂದಿನ ದಿನವೂ ಕೇಳಿದ್ದರು, ಬಣ್ಣ ಒಣಗಿತಾ ಎಂದು.

ಮೊನ್ನೆ ಅಲ್ಲಿಗೆ ಹೋಗಿದ್ದೆ. ಕಾಫಿ ಅಂಗಡಿಯಾಗಿದೆ. ಅಗುಳಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ದೀಪ ಹಾಕಿದ್ದಾರೆ. ಗಂಜಿಯ ಒಲೆಯಿದ್ದ ಜಾಗದಲ್ಲಿ ಕೌಂಟರು. ಅದರ ಹಿಂದೆ ನಿಂತವಳು ಕಾಗದದ ಲೋಟ ಎತ್ತಿಕೊಂಡು, ಅದರ ಮೇಲೆ ಬರೆಯಲೆಂದು ಎಲ್ಲಕ್ಕಿಂತ ಮೊದಲು ನನ್ನ ಹೆಸರು ಕೇಳಿದಳು.

“ಮೂರು ದಿನ ಕಳೀಲಿ, ಹೇಳ್ತೇನೆ” ಎಂದು ಕನ್ನಡದಲ್ಲೇ ಗದರಿ ಹೊರಗೆ ಬಂದೆ.